ಮಗಳ ಮನೆ ದೂರವಾದರೆ

ನಮ್ಮಲ್ಲಿ ಹೆಣ್ಣುಮಗಳ ಮದುವೆ ನಿಶ್ಚಯವಾದ ದಿನವೇ ಖರ್ಚಿನ ಪಟ್ಟಿ ಸಿದ್ಧವಾಗುತ್ತದೆ. ಶಾದಿಮಹಲಿನ ಬಾಡಿಗೆ, ಬಿರಿಯಾನಿ, ಬಂಗಾರ, ಬಟ್ಟೆಬರೆ, ಬೀಗರ ಉಡುಗೊರೆ ಎಲ್ಲವೂ ಅದರಲ್ಲಿರುತ್ತದೆ. ಮದುವೆಯಾಗಿ ದೂರ ಹೋದ ಮಗಳನ್ನು ತಾಯಿ ಒಮ್ಮೆ ಹೋಗಿ ನೋಡಿ ಬರುವ ಖರ್ಚು ಮಾತ್ರ ಇರುವುದಿಲ್ಲ. ‘ಅವಳೇ ಬರುತ್ತಾಳಲ್ಲ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಅವಳಿಗೆ ಬರಲಾಗದಿದ್ದರೆ?

ನನ್ನ ತಂಗಿ ಇರುವುದು ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬದಲ್ಲಿ. ಅವಳ ಗಂಡ ಅಲ್ಲಿನ ಖಾಸಗಿ ಕಾಲೇಜೊಂದರಲ್ಲಿ ಉಪನ್ಯಾಸಕ. ಇದು ಹೊಸ ದಾರಿಯೇನಲ್ಲ. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಿಂದಲೂ ಭಾರತದ ಶಿಕ್ಷಕರು ಆ ದೇಶಕ್ಕೆ ಹೋಗಿ ಪಾಠ ಹೇಳಿದ್ದಾರೆ. ಮೊದಮೊದಲು ಅವರು ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಮಕ್ಕಳಾದ ಮೇಲೆ ನಾಲ್ಕು ಟಿಕೆಟ್ ಬೇಕಾಯಿತು. ಸಂಬಳ ಅಲ್ಲಿನ ಬಿರ್‌ನಲ್ಲಿ, ಟಿಕೆಟಿನ ದರ ಡಾಲರ್ ಲೆಕ್ಕದಲ್ಲಿ. 2024ರ ಜುಲೈಯಲ್ಲಿ ಅಲ್ಲಿನ ಸರ್ಕಾರ ಬಿರ್‌ನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟಾಗ ಅದು ಒಮ್ಮೆಲೇ ಕುಸಿಯಿತು. ಆ ವರ್ಷವೂ ತಂಗಿ ಬರುವುದಿಲ್ಲವೆಂದು ಖಚಿತವಾಯಿತು. ಅವಳ ಎರಡನೆಯ ಮಗುವನ್ನು ಅಮ್ಮಿ ಅದುವರೆಗೆ ಫೋನಿನಲ್ಲಿ ಮಾತ್ರ ನೋಡಿದ್ದರು.

“ಮುಖವೇನೋ ಕಾಣುತ್ತದೆ ಬೇಟಾ, ತಲೆ ಸವರಲು ಆಗುವುದಿಲ್ಲ” ಎಂದರು ಅಮ್ಮಿ. ಅವರಿಗೆ ಆಗ ಅರವತ್ತಾರು ವರ್ಷ. ರಕ್ತದೊತ್ತಡವಿದೆ, ಮೊಣಕಾಲು ನೋವಿದೆ. ಇನ್ನೆರಡು ವರ್ಷ ಬಿಟ್ಟರೆ ವಿಮಾನ ಹತ್ತುವ ಶಕ್ತಿ ಉಳಿದೀತೆಂಬ ಭರವಸೆ ನನಗಿರಲಿಲ್ಲ.

ವಿಷಯ ತಿಳಿಯುತ್ತಲೇ ಮಾಮು, “ಅಷ್ಟು ಹಣವಿದ್ದರೆ ಉಮ್ರಾ ಮಾಡಿಸು, ಪುಣ್ಯ ಬರುತ್ತದೆ” ಎಂದರು. ಅಮ್ಮಿಯೇ ಉತ್ತರಿಸಿದರು: “ಉಮ್ರಾದ ಹಣ ಬೇರೆ ಇದೆ ಭಾಯಿ, ಅದನ್ನು ಮುಟ್ಟುವುದಿಲ್ಲ. ಇದು ನಾನು ಹೊಲಿಗೆ ಹಾಕಿ ಕೂಡಿಸಿದ್ದು.” ರಕ್ತಸಂಬಂಧವನ್ನು ಜೋಡಿಸಿಕೊಂಡಿರುವುದು ನಮ್ಮ ಮೇಲಿನ ಹೊಣೆ ಎಂದು ಮದರಸಾದಲ್ಲಿ ಓದಿದವನು ನಾನು. ಒಂದನ್ನು ಇನ್ನೊಂದರ ಎದುರಿಗಿಟ್ಟು ತೂಗುವುದು ನನಗೆ ಸರಿಕಾಣಲಿಲ್ಲ. ಪಕ್ಕದ ಮನೆಯ ಅಕ್ಕನ ಚಿಂತೆ ಬೇರೆ. “ಆಫ್ರಿಕಾ ಅಂದ್ರ ಕಾಡು, ರೋಗ ಅಂತಾರಲ್ರೀ ಮಾಸ್ತರ, ಮುದುಕೀನ ಕರಕೊಂಡು ಹೊಂಟೀರಲ್ಲ!” ನಮ್ಮ ಪಕ್ಕದ ಹಳಿಯಾಳ, ಯಲ್ಲಾಪುರದ ಕಡೆ ಕನ್ನಡ, ಕೊಂಕಣಿ ಮಾತಾಡಿಕೊಂಡಿರುವ ಸಿದ್ದಿ ಜನರ ಹಿರಿಯರು ಆಫ್ರಿಕಾದಿಂದಲೇ ಬಂದವರು, ಅದು ಅಷ್ಟೇನೂ ಪರಕೀಯ ನೆಲವಲ್ಲ ಎಂದು ಹೇಳಿ ಸಮಾಧಾನಪಡಿಸಿದೆ.

ಮೊದಲ ಕೆಲಸ ಪಾಸ್‌ಪೋರ್ಟ್. ರಾಯಾಪುರದಿಂದ ಚಿಗರಿ ಬಸ್ಸು ಹತ್ತಿದರೆ ಹುಬ್ಬಳ್ಳಿ. ಪಾಸ್‌ಪೋರ್ಟ್ ಸೇವಾ ಕೇಂದ್ರ ಅಲ್ಲಿಯೇ ಇದೆ. ಅರವತ್ತು ದಾಟಿದವರಿಗೆ ಹೊಸ ಪಾಸ್‌ಪೋರ್ಟಿನ ಶುಲ್ಕದಲ್ಲಿ ಶೇಕಡಾ 10 ರಿಯಾಯಿತಿ ಸಿಗುತ್ತದೆ. ತೊಡಕು ಬಂದದ್ದು ಹೆಸರಿನಲ್ಲಿ. ಅಮ್ಮಿಯ ಆಧಾರ್ ಕಾರ್ಡಿನಲ್ಲಿ ಹೆಸರಿನ ಮುಂದೆ ‘ಬಿ’ ಇದೆ, ಮತದಾರರ ಚೀಟಿಯಲ್ಲಿ ‘ಬೇಗಂ’ ಇದೆ. ನಮ್ಮ ಹೆಂಗಸರ ಕಾಗದಪತ್ರಗಳಲ್ಲಿ ಬಿ, ಬಾನು, ಬೇಗಂ, ಬಿನ್ ಎಲ್ಲ ಬರೆದವರ ಮನಸ್ಸಿನಂತೆ ಬದಲಾಗುತ್ತಿರುತ್ತವೆ. ಇದನ್ನು ಸರಿಪಡಿಸಲು ನಮಗೆ ಎರಡು ತಿಂಗಳು ಹಿಡಿಯಿತು. ಪ್ರಯಾಣದ ಯೋಚನೆ ಇರಲಿ ಬಿಡಲಿ, ಸಹೋದರಿಯರು ಇಂದೇ ತಮ್ಮ ಕಾಗದಗಳನ್ನು ಒಂದೆಡೆ ಹರವಿ ಹೆಸರುಗಳನ್ನು ಹೋಲಿಸಿ ನೋಡುವುದು ಒಳ್ಳೆಯದು.

ಎರಡನೆಯದು ಸಮಯ. ನನಗೆ ರಜೆ ಸಿಗುವುದು ಬೇಸಿಗೆಯಲ್ಲಿ ಅಥವಾ ದಸರೆಗೆ. ಅಡಿಸ್‌ನಲ್ಲಿ ದೊಡ್ಡ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅಕ್ಟೋಬರ್ ಹೊತ್ತಿಗೆ ಆಕಾಶ ತಿಳಿಯಾಗುತ್ತದೆ. ಹಾಗಾಗಿ 2024ರ ದಸರಾ ರಜೆಯನ್ನೇ ಆರಿಸಿದೆವು.

ಮೂರನೆಯದು ದಾರಿ. ಕೊಲ್ಲಿ ದೇಶಗಳಲ್ಲಿ ಇಳಿದು ವಿಮಾನ ಬದಲಿಸುವ ಟಿಕೆಟ್ ಕೆಲವು ದಿನ ಅಗ್ಗವಾಗಿ ಕಾಣುತ್ತಿತ್ತು. ಆದರೆ ನಡುವೆ ಎಂಟು, ಹತ್ತು ಗಂಟೆ ಕುರ್ಚಿಯಲ್ಲಿ ಕೂತು ಕಾಯಬೇಕು. ಮೊಣಕಾಲು ನೋವಿನ ತಾಯಿಗೆ ಆ ಉಳಿತಾಯ ಉಳಿತಾಯವಲ್ಲ. ಬೆಂಗಳೂರಿನಿಂದ ಅಡಿಸ್‌ಗೆ ಇಥಿಯೋಪಿಯನ್ ಏರ್‌ಲೈನ್ಸ್‌ನ ನೇರ ವಿಮಾನ 2019ರಲ್ಲಿ ಆರಂಭವಾಗಿತ್ತು. ಸುಮಾರು ಆರು ಗಂಟೆಯ ಹಾರಾಟ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಬೇಕು! ವಾರದ ನಡುವಿನ ದಿನಗಳನ್ನು ಆರಿಸಿ, ಎರಡು ತಿಂಗಳು ಮೊದಲೇ ತೆಗೆದದ್ದರಿಂದ ಇಬ್ಬರಿಗೂ ಹೋಗಿ ಬರುವ ಟಿಕೆಟ್ ಒಂದು ಲಕ್ಷದ ಆಸುಪಾಸಿನಲ್ಲಿ ಮುಗಿಯಿತು. ತಂಗಿಯ ಮದುವೆಯಲ್ಲಿ ಒಂದು ಹೊತ್ತಿನ ಊಟಕ್ಕೇ ನಾವು ಇದಕ್ಕಿಂತ ಹೆಚ್ಚು ಕೊಟ್ಟಿದ್ದೆವು. ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಬೇಕೆಂದೂ ಮುಸ್ಲಿಂ ಊಟ ಬೇಕೆಂದೂ ಬರೆಸಿದೆವು. ಎರಡಕ್ಕೂ ಬೇರೆ ಹಣವಿಲ್ಲ.

ನಾಲ್ಕನೆಯದನ್ನು ಎಷ್ಟೋ ಜನ ಮರೆಯುತ್ತಾರೆ: ಹಳದಿ ಜ್ವರದ ಲಸಿಕೆ. ಇಥಿಯೋಪಿಯಾ ಹಳದಿ ಜ್ವರದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿದೆ. ನಮ್ಮನ್ನು ಈ ಪ್ರಮಾಣಪತ್ರ ಕೇಳುವುದು ಅಲ್ಲಿಗೆ ಹೋಗುವಾಗಲ್ಲ, ಭಾರತಕ್ಕೆ ಮರಳುವಾಗ. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮವಿದೆ. ಕೇಂದ್ರ ಸರ್ಕಾರ ಮಾನ್ಯತೆ ಕೊಟ್ಟ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಪಡೆಯಬೇಕು. ಚುಚ್ಚಿಸಿಕೊಂಡ ಹತ್ತು ದಿನಗಳ ನಂತರವೇ ಅದರ ಪ್ರಮಾಣಪತ್ರಕ್ಕೆ ಮಾನ್ಯತೆ. 2016ರಿಂದ ಅದು ಜೀವಮಾನವಿಡೀ ನಡೆಯುತ್ತದೆ. ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ಅಡ್ಡಪರಿಣಾಮದ ಸಂಭವ ಸ್ವಲ್ಪ ಹೆಚ್ಚು. ನಮ್ಮ ಇಡೀ ಯೋಜನೆ ನಿಂತದ್ದು ಇಲ್ಲಿಯೇ. ಊರಿನ ವೈದ್ಯರು ಅಮ್ಮಿಯ ರಕ್ತದೊತ್ತಡ, ಸಕ್ಕರೆ ನೋಡಿ, ಮೊಟ್ಟೆಯ ಅಲರ್ಜಿ ಇಲ್ಲವೆಂದು ಕೇಳಿ ತಿಳಿದು, ಹಳೆಯ ಚೀಟಿಗಳನ್ನೆಲ್ಲ ಓದಿ ಒಪ್ಪಿಗೆ ಕೊಟ್ಟರು. ಅದಾದ ಮೇಲೆಯೇ ಟಿಕೆಟಿಗೆ ಹಣ ಕಟ್ಟಿದೆ. ವೀಸಾಕ್ಕೆ ಆ ದೇಶದ ಸರ್ಕಾರಿ ಜಾಲತಾಣದಲ್ಲಿ ನಾವೇ ಅರ್ಜಿ ಹಾಕಿದೆವು. ಮಧ್ಯವರ್ತಿಯ ಹಣ ಉಳಿಯಿತು. ನಿಯಮಗಳೂ ಶುಲ್ಕವೂ ಬದಲಾಗುತ್ತಿರುತ್ತವೆ. ಹೊರಡುವವರು ಹೊಸದಾಗಿ ನೋಡಿಕೊಳ್ಳಬೇಕು.

ಅಡಿಸ್ ಅಬಾಬ ಸಮುದ್ರಮಟ್ಟದಿಂದ 2,300 ಮೀಟರಿಗೂ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಸಂಜೆಯಾದರೆ ಚಳಿ. ಆದ್ದರಿಂದ ಮೊದಲ ಎರಡು ದಿನ ಎಲ್ಲಿಗೂ ಹೋಗದೆ ತಂಗಿಯ ಮನೆಯಲ್ಲಿಯೇ ಉಳಿಯಬೇಕೆಂದು ಮೊದಲೇ ನಿಶ್ಚಯಿಸಿದ್ದೆವು. ಇನ್ನೊಂದು ಎಚ್ಚರಿಕೆ ತಂಗಿಯದು: ಅಲ್ಲಿನ ಜನ ಗಂಟೆ ಎಣಿಸುವುದು ಬೆಳಗಿನಿಂದ. ನಮ್ಮ ಬೆಳಿಗ್ಗೆ ಏಳು ಅವರಿಗೆ ಒಂದು ಗಂಟೆ. ಕಾರಿನವನು ಮೂರು ಗಂಟೆಗೆ ಬರುತ್ತೇನೆಂದರೆ ಬೆಳಿಗ್ಗೆ ಒಂಬತ್ತಕ್ಕೇ ತಯಾರಾಗಿರಬೇಕು.

ಅಲ್ಲಿನ ಪಂಚಾಂಗವೂ ಬೇರೆ. ನಾವು ಹೋದಾಗ ಅಲ್ಲಿ 2017 ನಡೆಯುತ್ತಿತ್ತು. ನನ್ನ ಅಬ್ಬಾ ತೀರಿಕೊಂಡದ್ದು 2019ರಲ್ಲಿ. ಗೋಡೆಯ ಕ್ಯಾಲೆಂಡರಿನ ಲೆಕ್ಕವನ್ನು ತಂಗಿ ಬಿಡಿಸಿ ಹೇಳಿದಾಗ ಅಮ್ಮಿ ನಗುತ್ತ, “ಹಾಗಾದರೆ ಇಲ್ಲಿ ನಿಮ್ಮ ಅಬ್ಬಾ ಇನ್ನೂ ಇದ್ದಾರೆ” ಎಂದರು. ನಾವಿಬ್ಬರೂ ಏನೂ ಹೇಳಲಿಲ್ಲ. ಮೊಮ್ಮಗ ಆಗ ಅವರ ತೊಡೆಯ ಮೇಲೆ ನಿದ್ದೆಹೋಗಿದ್ದ, ಅಮ್ಮಿಯ ಕೈ ಅವನ ತಲೆಯ ಮೇಲಿತ್ತು.

ನನ್ನ ಪತ್ನಿ ಕಟ್ಟಿಕೊಟ್ಟ ಗಂಟಿನಲ್ಲಿ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದ್ದವು. ಗುರೆಳ್ಳಿನ ತವರು ಇಥಿಯೋಪಿಯಾವೇ ಎಂದು ಗೊತ್ತಾದಾಗ ನಮಗೆ ಅಚ್ಚರಿ. ಅಲ್ಲಿ ಅದಕ್ಕೆ ನೂಗ್ ಎನ್ನುತ್ತಾರೆ, ಎಣ್ಣೆ ತೆಗೆಯುತ್ತಾರೆ. ಜೋಳ ಕೂಡ ಈಶಾನ್ಯ ಆಫ್ರಿಕಾದಿಂದಲೇ ಬಂದ ಕಾಳು. ನಮ್ಮ ಉತ್ತರ ಕರ್ನಾಟಕದ ತಾಟು ತನ್ನ ತವರಿಗೆ ಹೋಗಿಬಂದಂತಾಯಿತು. ತೆಫ್ ಹಿಟ್ಟಿನ ಹುಳಿ ಇಂಜೆರಾ ಅಮ್ಮಿಗೆ ದೋಸೆಯಂತೆ ರುಚಿಸಿತು. ಮಾಂಸದ ಚಿಂತೆಯೂ ಬರಲಿಲ್ಲ. ಅಲ್ಲಿ ಮುಸ್ಲಿಮರ ಮಾಂಸದಂಗಡಿಗಳೂ ಹೋಟೆಲುಗಳೂ ಪ್ರತ್ಯೇಕವಾಗಿವೆ. ಬುಧವಾರ, ಶುಕ್ರವಾರ ಅಲ್ಲಿನ ಕ್ರೈಸ್ತರ ಉಪವಾಸದ ದಿನಗಳಾದ್ದರಿಂದ ಬೇಳೆ, ಸೊಪ್ಪಿನ ಊಟ ಎಲ್ಲೆಡೆ ಸಿಗುತ್ತದೆ.

ಶುಕ್ರವಾರ ಮರ್ಕಾಟೊ ಮಾರುಕಟ್ಟೆಯ ಬಳಿಯ ಅನ್ವರ್ ಮಸೀದಿಗೆ ಹೋದೆ. ನಜಾಶಿಯ ನಾಡೆಂದ ಮೇಲೆ ತಿಗ್ರಾಯ್‌ನ ನೆಗಾಶ್ ನೋಡುವ ಆಸೆ ಇದ್ದೇ ಇತ್ತು. ಮಕ್ಕಾದ ಹಿಂಸೆ ತಾಳಲಾರದೆ ಕ್ರಿ.ಶ. 615ರ ಸುಮಾರಿಗೆ ಸಮುದ್ರ ದಾಟಿದವರಲ್ಲಿ ಹಝ್ರತ್ ರುಖಿಯ್ಯಾ, ಹಝ್ರತ್ ಉಮ್ಮು ಸಲಮಾ ಅವರಂತಹ ಮಹಿಳೆಯರೂ ಇದ್ದರಲ್ಲವೇ? ಆದರೆ 2020ರಿಂದ 2022ರವರೆಗೆ ಅಲ್ಲಿ ಯುದ್ಧ ನಡೆದು ನೆಗಾಶ್‌ನ ಮಸೀದಿಗೂ ಹಾನಿಯಾಗಿತ್ತು. ಅಮ್ಹಾರಾದಲ್ಲಿ 2023ರಿಂದ ಘರ್ಷಣೆ ನಡೆದಿತ್ತು. ತಾಯಿಯನ್ನು ಕರೆದುಕೊಂಡು ರಾಜಧಾನಿಯ ಹೊರಗೆ ಹೋಗಬಾರದೆಂದು ಮನೆಯಲ್ಲಿಯೇ ತೀರ್ಮಾನಿಸಿದ್ದೆವು. ಹೋಟೆಲಿಗೆ, ಪ್ರವಾಸಕ್ಕೆ ಖರ್ಚಾಗಲಿಲ್ಲ. ಅಂಗಳದಲ್ಲಿ ಹಸಿ ಕಾಫಿಬೀಜ ಹುರಿದು, ಕುಟ್ಟಿ, ಮೂರು ಸುತ್ತು ಕಾಫಿ ಕೊಡುವ ನೆರೆಯ ಹೆಂಗಸರ ನಡುವೆ ಭಾಷೆ ಬಾರದ ಅಮ್ಮಿ ಹನ್ನೆರಡು ದಿನ ಸುಖವಾಗಿದ್ದರು.

ಮರಳಿ ಬಂದ ಮೇಲೆ ಪತ್ನಿ ಒಂದು ಮಾತು ಹೇಳಿದಳು: “ದೂರದ ಮಾತು ಬಿಡಿ, ಗದಗಿನಲ್ಲಿರುವ ನನ್ನ ಅಮ್ಮಿಯೂ ಈ ಮನೆಯಲ್ಲಿ ಎರಡು ರಾತ್ರಿ ಸೇರಿಸಿ ಉಳಿದಿಲ್ಲ. ಮಗಳ ಮನೆಯಲ್ಲಿ ಉಳಿಯಬಾರದು ಎನ್ನುತ್ತಾರೆ.” ತಾಯಿ ಮಗಳ ಮನೆಯಲ್ಲಿ ಉಳಿಯಬಾರದೆಂದು ಧರ್ಮದಲ್ಲಿ ಎಲ್ಲಿಯೂ ಹೇಳಿಲ್ಲ, ಅದು ನಾವು ಮಾಡಿಕೊಂಡ ರೂಢಿ. ಮಗಳು ಕಷ್ಟದಲ್ಲಿದ್ದಾಳೋ ಸುಖವಾಗಿದ್ದಾಳೋ ಎಂಬುದು ಫೋನಿನಲ್ಲಿ ತಿಳಿಯುವುದಿಲ್ಲ. ಅವಳ ಅಡುಗೆಮನೆಯಲ್ಲಿ ನಾಲ್ಕು ದಿನ ಕೂತ ತಾಯಿಗೆ ತಿಳಿಯುತ್ತದೆ.

ಮಕ್ಕಳ ಮದುವೆಗೆ ಹಣ ಕೂಡಿಸುತ್ತಿರುವ ತಂದೆತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ. ಊಟದ ಒಂದು ಬಗೆ ಕಡಿಮೆ ಮಾಡಿ. ಉಳಿದ ಹಣವನ್ನು ತಾಯಿಯ ಹೆಸರಿನಲ್ಲಿ ಬೇರೆ ಖಾತೆಯಲ್ಲಿಡಿ. ಮಗಳ ಮನೆ ಗದಗಿರಲಿ, ಆಫ್ರಿಕಾ ಇರಲಿ, ಅಲ್ಲಿಗೆ ಹೋಗುವ ಟಿಕೆಟ್ ಅದರಿಂದಲೇ ಬರಲಿ.