ಇಳಿದು ತಳ್ಳಿಕೊಂಡು ಹೋಗಿ

ನಮ್ಮ ವಿಶ್ವವಿದ್ಯಾಲಯದ ಹೆಬ್ಬಾಗಿಲಲ್ಲಿ ಹೊಸ ಬೋರ್ಡು ನೆಟ್ಟಿದ್ದಾರೆ. ಹಸಿರು ಬಣ್ಣ, ಬಿಳಿ ಅಕ್ಷರ. 'ವಾಹನ ನಿಲುಗಡೆ ನಿಯಮಗಳು' ಎಂದು ತಲೆಬರಹ. ಒಟ್ಟು ಒಂಬತ್ತು ನಿಯಮ. ವಿದ್ಯುತ್ ವಾಹನಗಳಿಗೆ ಮುಖ್ಯ ಕಟ್ಟಡದ ಮುಂದಿನ ಶೆಡ್ಡು. ಸ್ಟಿಕ್ಕರ್ ಇಲ್ಲದ ವಾಹನಕ್ಕೆ ಪ್ರವೇಶವಿಲ್ಲ. ಸೈಕಲ್ಲುಗಳು ಕ್ಯಾಂಟೀನಿನ ಹಿಂದೆ. ಒಂಬತ್ತನೆಯ ನಿಯಮ ಹೀಗಿದೆ: ಸೈಕಲ್ ಸವಾರರು ಗೇಟಿನಲ್ಲಿ ಇಳಿದು ತಳ್ಳಿಕೊಂಡು ಹೋಗತಕ್ಕದ್ದು.

ಸೈಕಲ್ ನಿಲ್ಲಿಸುವುದೂ ಒಂದು ಬರೆಯುವ ವಿಚಾರವೇ ಎಂದು ನಗುವವರು ನಗಲಿ. ಕುಡಿಯುವ ನೀರು, ಮೆಟ್ಟುವ ಚಪ್ಪಲಿ, ಕೂರುವ ಜಗಲಿ, ಹೋಟೆಲಿನ ಲೋಟ, ಇಂಥ ಸಣ್ಣ ವಸ್ತುಗಳಿಂದಲೇ ಈ ದೇಶ ನಮ್ಮನ್ನು ಅಳೆದಿರುವುದು. ಒಂಬತ್ತನೆಯ ನಿಯಮವೂ ನನಗೆ ಹೊಸದಲ್ಲ. ನಮ್ಮೂರಿನಲ್ಲಿ ಅದನ್ನು ಯಾರೂ ಬರೆದು ನೇತುಹಾಕಿರಲಿಲ್ಲ, ಅಷ್ಟೆ.

ಅಪ್ಪನಿಗೆ ಒಂದು ಅಟ್ಲಾಸ್ ಸೈಕಲ್ಲಿತ್ತು. ಬಾವಿ ತೋಡಿದ ಕೂಲಿ ಕೂಡಿಟ್ಟು, ಹೋಬಳಿ ಊರಿನ ಅಂಚೆಯವನಿಂದ ನೂರೈವತ್ತು ರೂಪಾಯಿಗೆ ಕೊಂಡ ಹಳೇ ಸೈಕಲ್ಲು. ಬೆಳದಿಂಗಳ ರಾತ್ರಿಗಳಲ್ಲಿ ಬತ್ತಿದ ಕೆರೆಯಂಗಳದಲ್ಲಿ ಬಿದ್ದೆದ್ದು ಕಲಿತ. ನಮ್ಮ ಕೇರಿಯಿಂದ ಟಾರು ರಸ್ತೆಗೆ ಹೋಗಬೇಕಾದರೆ ಊರಿನ ಗುಡಿಬೀದಿ ದಾಟಬೇಕು. ಗುಡಿಬೀದಿ ಬಂತೆಂದರೆ ಅಪ್ಪ ಇಳಿಯುತ್ತಿದ್ದ. ಕ್ಯಾರಿಯರ್ ಮೇಲೆ ಕೂತಿದ್ದ ನನ್ನನ್ನೂ ಇಳಿಸುತ್ತಿದ್ದ. ಚಪ್ಪಲಿ ಬಿಚ್ಚಿ ಹ್ಯಾಂಡಲ್ಲಿಗೆ ಸಿಕ್ಕಿಸಿ ಗೌಡರ ಜಗಲಿ, ಅರಳಿಕಟ್ಟೆ, ಗುಡಿ ಎಲ್ಲ ದಾಟಿಸಿ, ಹಿಟ್ಟಿನ ಗಿರಣಿಯ ಹತ್ತಿರ ಮತ್ತೆ ಹತ್ತುತ್ತಿದ್ದ.

"ಯಾಕಪ್ಪ ಇಲ್ಲಿ ಇಳಿತೀಯ?" ಎಂದು ಒಂದು ದಿನ ಕೇಳಿದೆ.

"ದಾರಿ ಸರಿಯಿಲ್ಲ ಕಣ್ಲಾ. ಟೈರು ಹಾಳಾಯ್ತದೆ."

ಊರಿಗೆಲ್ಲ ಒಳ್ಳೆಯ ಬೀದಿ ಅದೇ. ಚಪ್ಪಡಿ ಹಾಸಿದ್ದರು. ಕಲ್ಲು ಮುಳ್ಳು ಇದ್ದದ್ದು ನಮ್ಮ ಕೇರಿಯ ದಾರಿಯಲ್ಲಿ. ಅಲ್ಲಿ ಅಪ್ಪ ಇಳಿಯುತ್ತಿರಲಿಲ್ಲ.

ಅಸ್ಪೃಶ್ಯತೆಯನ್ನು ಸಂವಿಧಾನ 1950ರಲ್ಲೇ ರದ್ದು ಮಾಡಿತು. 1955ರಲ್ಲಿ ಅದಕ್ಕೊಂದು ಕಾಯಿದೆ, 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ ಬಂದವು. ಅಷ್ಟಾದರೂ ಸಾಲಲಿಲ್ಲ. 1989ರ ಕಾಯಿದೆಗೆ ತಿದ್ದುಪಡಿ ತಂದು, ಸಾರ್ವಜನಿಕ ಸ್ಥಳದಲ್ಲಿ ಪರಿಶಿಷ್ಟರು ಸೈಕಲ್ ಅಥವಾ ಮೋಟಾರು ಸೈಕಲ್ ಹತ್ತುವುದನ್ನು, ಚಪ್ಪಲಿ ಮೆಟ್ಟುವುದನ್ನು, ಹೊಸ ಬಟ್ಟೆ ತೊಡುವುದನ್ನು ತಡೆದರೆ ಅಪರಾಧ ಎಂದು ಬಿಡಿಸಿ ಬಿಡಿಸಿ ಬರೆಯಬೇಕಾಯಿತು. ಅದು ಜಾರಿಗೆ ಬಂದದ್ದು 2016ರ ಜನವರಿ 26ರಂದು. ಸ್ವಾತಂತ್ರ್ಯ ಬಂದು 68 ವರ್ಷ ಕಳೆದ ಮೇಲೆ ಈ ದೇಶದ ಕಾನೂನು 'ಸೈಕಲ್' ಎಂಬ ಪದವನ್ನು ಬರೆಯಿತು ಎಂದರೆ ಅದರ ಅರ್ಥವೇನು? ಅಪ್ಪನಂತೆ ಇಳಿದವರು ಒಂದು ಊರಿನಲ್ಲಿ ಇರಲಿಲ್ಲ. ಆ ಹೊತ್ತಿಗೆ ಅಪ್ಪ ಮಣ್ಣಾಗಿ ಏಳು ವರ್ಷವಾಗಿತ್ತು.

ಅಪ್ಪನ ಆ ಸೈಕಲ್ಲಿನಲ್ಲೇ ನಾನು ಇದೇ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದಿದೆ. ಆಗ ಗೇಟಿನಲ್ಲಿ ಇಳಿಯುವ ನಿಯಮವಿರಲಿಲ್ಲ. ಹಾಸ್ಟೆಲಿನಿಂದ ಪೆಡಲ್ ತುಳಿದುಕೊಂಡು ಬಂದು ಮುಖ್ಯ ಕಟ್ಟಡದ ಮುಂದೆ, ಶೀಟು ಹೊದಿಸಿದ ಶೆಡ್ಡಿನೊಳಗೆ ನಿಲ್ಲಿಸುತ್ತಿದ್ದೆ. ಕುಲಪತಿಗಳ ಕಾರು ಬಿಸಿಲಲ್ಲಿ, ನನ್ನ ಸೈಕಲ್ಲು ನೆರಳಲ್ಲಿ. ಅದನ್ನು ನೋಡಿ ನನಗೆ ಒಳಗೊಳಗೇ ಖುಷಿ.

ಈಗ ನನಗೆ ಇಲ್ಲೇ ಖಾಯಂ ಕೆಲಸ. 2023ರ ಬೇಸಿಗೆಯಲ್ಲಿ ಸಾಲ ಮಾಡಿ ಒಂದು ವಿದ್ಯುತ್ ಸ್ಕೂಟರ್ ಕೊಂಡೆ. ದೇಶದಲ್ಲೇ ಮೊದಲು, 2017ರಲ್ಲಿ, ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಕೇಂದ್ರ ಸರ್ಕಾರವೂ ಆಗ ಬ್ಯಾಟರಿಯ ಪ್ರತಿ ಯೂನಿಟ್ ಅಳತೆಗೆ 15,000 ರೂಪಾಯಿಯಂತೆ ಸಬ್ಸಿಡಿ ಕೊಡುತ್ತಿತ್ತು. 2023ರ ಜೂನಿನಲ್ಲಿ ಅದನ್ನು 10,000ಕ್ಕೆ ಇಳಿಸಿದರು. ನಾನು ಇಳಿಸುವ ಮೊದಲೇ ಕೊಂಡ ಜಾಣ. ಅಪ್ಪನ ಕಾಲದಲ್ಲಿ ಪಟ್ಟಣಕ್ಕೆ ಸೈಕಲ್ ತಂದರೆ ಪುರಸಭೆಗೆ ದುಡ್ಡು ಕಟ್ಟಿ ಬಿಲ್ಲೆ ಹಾಕಿಸಬೇಕಿತ್ತು. ಕಾಲಲ್ಲಿ ತುಳಿಯುವವನು ಸರ್ಕಾರಕ್ಕೆ ಕೊಟ್ಟ. ಕೂತು ಓಡಾಡುವ ನನಗೆ ಸರ್ಕಾರವೇ ಕೊಟ್ಟಿತು.

ಹೊಸ ನಿಯಮ ಬಂದ ವಾರದಲ್ಲೇ ನನ್ನ ಗಾಡಿಗೆ ಸ್ಟಿಕ್ಕರ್ ಅಂಟಿತು. ಹಸಿರು ನಂಬರ್ ಪ್ಲೇಟು, ಶೆಡ್ಡಿನ ನೆರಳು, ಪಕ್ಕದಲ್ಲೇ ಪ್ಲಗ್ಗು, ಬಿಟ್ಟಿ ಕರೆಂಟು. ಗೇಟಿನಲ್ಲಿ ಸೆಕ್ಯೂರಿಟಿಯವನು ಸಲ್ಯೂಟ್ ಹೊಡೆಯುತ್ತಿದ್ದ. ನಾನು ಇಳಿಯದೆ ಒಳಗೆ ಹೋಗುತ್ತಿದ್ದೆ. ಪರಿಸರ ಉಳಿಸುತ್ತಿದ್ದೇನೆಂಬ ಹೆಮ್ಮೆ ಬೇರೆ.

ನಮ್ಮ ವಿಭಾಗದಲ್ಲಿ ಕಸ ಗುಡಿಸುವ ಅಕ್ಕ ಒಬ್ಬರಿದ್ದಾರೆ. ಇಪ್ಪತ್ತು ವರ್ಷದ ಮೇಲಾಯಿತು, ಇನ್ನೂ ಗುತ್ತಿಗೆ. ನಾನು ಓದುವಾಗ ನನ್ನನ್ನು 'ತಮ್ಮ' ಎನ್ನುತ್ತಿದ್ದರು. ಕೆಲಸ ಸಿಕ್ಕಿದ ದಿನದಿಂದ 'ಸಾ' ಎನ್ನುತ್ತಾರೆ. ಬೇಡ ಎಂದರೂ ಕೇಳುವುದಿಲ್ಲ. ಒಂದು ಬೆಳಿಗ್ಗೆ ನಾನು ಪ್ಲಗ್ಗು ಸಿಕ್ಕಿಸುತ್ತಿದ್ದಾಗ ಪೊರಕೆ ಹಿಡಿದು ನಿಂತು ನೋಡಿದರು.

"ಸಾ, ನೀವು ಓದ್ತಿದ್ದಾಗ ಸೈಕಲ್ಲು ಇಲ್ಲೇ ಅಲ್ವ ನಿಲ್ಲುಸ್ತಿದ್ದುದ್ದು?"

"ಹೂಂ ಅಕ್ಕ, ಇಲ್ಲೇ."

"ಈಗ ಆ ಮಕ್ಳು ಎಲ್ ನಿಲ್ಲುಸ್ಬೇಕು?"

ಅವರು ಚುಚ್ಚಲೆಂದು ಕೇಳಲಿಲ್ಲ. ನೆನಪು ಬಂತು, ಕೇಳಿದರು. ಗುಡಿಸಿಕೊಂಡು ಮುಂದೆ ಹೋದರು. ನಾನು ಮಧ್ಯಾಹ್ನ ಕ್ಯಾಂಟೀನಿನ ಹಿಂದಕ್ಕೆ ಹೋಗಿ ನೋಡಿದೆ. ಚಾವಣಿಯಿಲ್ಲ, ಕಟ್ಟಿಹಾಕಲು ಕಂಬಿಯಿಲ್ಲ. ಪಾತ್ರೆ ತೊಳೆದ ನೀರು ಹರಿಯುವ ಚರಂಡಿ. ಅದರ ಅಂಚಿಗೆ ಒಂದರ ಮೇಲೊಂದು ಒರಗಿದ ನಲವತ್ತೈವತ್ತು ಸೈಕಲ್ಲುಗಳು. ಚೈನುಗಳಿಗೆ ತುಕ್ಕು. ದಿನಾ ಆ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವ ನಾನು ಒಂದು ದಿನವೂ ಹಿಂದಕ್ಕೆ ಹೋಗಿರಲಿಲ್ಲ.

ಅಕ್ಕನಿಗೂ ಒಂದು ಬ್ಯಾಟರಿ ಸ್ಕೂಟರಿದೆ ಎಂದು ಆಮೇಲೆ ಗೊತ್ತಾಯಿತು. ಸ್ವಸಹಾಯ ಸಂಘದ ಸಾಲದಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ. ಮೆಲ್ಲಗೆ ಹೋಗುವಂಥದ್ದು. ಮೋಟಾರು 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್ ಮೀರದಿದ್ದರೆ ಅಂಥ ಗಾಡಿಯನ್ನು ಕೇಂದ್ರದ ಮೋಟಾರು ವಾಹನ ನಿಯಮಗಳು ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ನೋಂದಣಿ ಬೇಡ, ನಂಬರ್ ಪ್ಲೇಟು ಬೇಡ, ಲೈಸೆನ್ಸೂ ಬೇಡ. ನನಗೆ ಸಿಕ್ಕ ಸಬ್ಸಿಡಿ ಇಂಥ ಗಾಡಿಗೆ ಇರಲಿಲ್ಲ. ಅದು ಬೇಕಾದರೆ ಗಾಡಿ 40 ಕಿಲೋಮೀಟರ್ ವೇಗವಾದರೂ ಓಡಬೇಕಿತ್ತು. ಬೇಗ ಓಡುವವನಿಗೆ ನೆರವು. ಮೆಲ್ಲಗೆ ಹೋಗುವವಳು ತನ್ನ ದುಡ್ಡಿನಲ್ಲೇ ಹೋಗಬೇಕು.

ಸ್ಟಿಕ್ಕರಿನ ಅರ್ಜಿಯಲ್ಲಿ ಒಂದು ಸಾಲಿತ್ತು: ನೋಂದಣಿ ಪತ್ರದ ಪ್ರತಿ ಲಗತ್ತಿಸುವುದು. ಅಕ್ಕನ ಬಳಿ ಅದಿಲ್ಲ. ಕಾನೂನಿನ ಪ್ರಕಾರ ಇರಬೇಕಾಗಿಯೂ ಇಲ್ಲ. ಮೂರು ಸಲ ಕಚೇರಿಗೆ ಹೋಗಿ ಮೂರು ಸಲವೂ ವಾಪಸ್ಸು ಬಂದಿದ್ದರು. ನಾಲ್ಕನೇ ಸಲ ನಾನೂ ಜೊತೆಗೆ ಹೋದೆ. ನಿಯಮದ ಪ್ರತಿ ತೋರಿಸಿದೆ. ಅಧಿಕಾರಿ ಓದಿ, ಕನ್ನಡಕ ತೆಗೆದು ಹೇಳಿದರು: "ಅದು ರಸ್ತೆಗೆ ಸಾರ್. ಇದು ಕ್ಯಾಂಪಸ್ಸು."

ನಮ್ಮೂರ ಗೌಡರೂ ಹೆಚ್ಚುಕಮ್ಮಿ ಹೀಗೇ ಹೇಳುತ್ತಿದ್ದರು. ಸರ್ಕಾರದ ಕಾನೂನು ಟಾರು ರಸ್ತೆಯವರೆಗೆ. ಇದು ಗುಡಿಬೀದಿ.

ಇನ್ನು ಕರೆಂಟಿನ ಮಾತು. ಶೆಡ್ಡಿನ ಪ್ಲಗ್ಗುಗಳ ಮೇಲೆ 'ಖಾಯಂ ನೌಕರರಿಗೆ ಮಾತ್ರ' ಎಂದು ಚೀಟಿ ಅಂಟಿಸಿದ್ದರು. ನನ್ನ ಸ್ಕೂಟರಿನ ಬ್ಯಾಟರಿ ತುಂಬಲು ಮೂರು ಯೂನಿಟ್ ಬೇಕು. ಅಕ್ಕನದಕ್ಕೆ ಅದರಲ್ಲಿ ಅರ್ಧ. ಹೆಚ್ಚು ಸಂಬಳದವನಿಗೆ ಹೆಚ್ಚು ಕರೆಂಟು ಬಿಟ್ಟಿ. ಆ ಕಟ್ಟಡವನ್ನು ದಿನಾ ಗುಡಿಸಿ ತೊಳೆಯುವವರಿಗೆ ಕರೆಂಟೇ ಇಲ್ಲ. ಮಹಾಡಿನ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆಯಲಾಗಿದೆ ಎಂದು ಅಲ್ಲಿನ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಠರಾವು ಕಾಗದದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಬೊಗಸೆ ಒಡ್ಡಬೇಕಾಯಿತು. ಪ್ಲಗ್ಗಿಗೂ ಕೆರೆಗೂ ಎಲ್ಲಿಂದೆಲ್ಲಿಗೆ ಹೋಲಿಕೆ, ಅತಿಯಾಯಿತು ಎಂದು ಗೆಳೆಯರೊಬ್ಬರು ಅಂದರು. ಇರಬಹುದು. ಅವರ ಗಾಡಿಯೂ ಆ ಶೆಡ್ಡಿನಲ್ಲೇ ನಿಲ್ಲುತ್ತದೆ.

ನಿಯಮಗಳೇ ಬೇಡ ಎನ್ನುವವನಲ್ಲ ನಾನು. ಹಾಸ್ಟೆಲಿನ ಕೋಣೆಯಲ್ಲಿ, ಮೆಟ್ಟಿಲ ಕೆಳಗೆ ಬ್ಯಾಟರಿ ಚಾರ್ಜ್ ಮಾಡಬಾರದು ಎಂಬ ನಿಯಮ ಸರಿಯಾದದ್ದು. 2022ರಲ್ಲಿ ದೇಶದ ಹಲವು ಕಡೆ ಬ್ಯಾಟರಿ ಸ್ಕೂಟರುಗಳು ಹೊತ್ತಿ ಉರಿದವು. ಜೀವಗಳೂ ಹೋದವು. ಲಿಥಿಯಂ ಬ್ಯಾಟರಿಯ ಬೆಂಕಿ ಒಂದು ಬಿಂದಿಗೆ ನೀರಿಗೆ ಆರುವಂಥದ್ದಲ್ಲ. ಆರಿತೆಂದುಕೊಂಡ ಮೇಲೂ ಮತ್ತೆ ಹೊತ್ತಿಕೊಳ್ಳುತ್ತದೆ. ಮೆಟ್ಟಿಲ ಕೆಳಗೆ ಬೆಂಕಿ ಎದ್ದರೆ ಮೇಲಿನ ಮಕ್ಕಳು ಇಳಿಯುವುದೆಲ್ಲಿಂದ? ಆ ವರ್ಷದ ಡಿಸೆಂಬರಿನಿಂದ ಬ್ಯಾಟರಿ ತಯಾರಿಸುವವರಿಗೂ ಪರೀಕ್ಷೆಗಳನ್ನು ಬಿಗಿ ಮಾಡಿದರು. ಆದ್ದರಿಂದ ಒಳಗೆ ಬೇಡ ಎನ್ನಲಿ. ಹಾಗೆಂದ ಮೇಲೆ ಹೊರಗೆ, ಗಾಳಿಯಾಡುವ ಕಡೆ ಎಲ್ಲರಿಗೂ ಒಂದು ಜಾಗ ಕೊಡಬೇಕು. ಬೇಡ ಎನ್ನುವುದು ಎಲ್ಲರಿಗೂ, ಕೊಡುವುದು ಕೆಲವರಿಗೆ ಎಂದಾಗ ಮಾತ್ರ ನಿಯಮ ಗೌಡನಾಗುತ್ತದೆ.

ಒಂಬತ್ತನೆಯ ನಿಯಮ ಹುಟ್ಟಿದ ಕತೆಯನ್ನೂ ಕೇಳಿ. ಗೇಟಿನ ಒಳಗೆ ವೇಗವಾಗಿ ಬಂದ ಕಾರೊಂದು ಸೈಕಲ್ಲಿನ ಹುಡುಗನಿಗೆ ತಾಗಿತು. ಅವನ ಕೈ ಮುರಿಯಿತು. ಸಭೆ ಸೇರಿತು. ಕಾರಿನ ವೇಗದ ಬಗ್ಗೆ ಯಾವ ನಿಯಮವೂ ಬರಲಿಲ್ಲ. ಸೈಕಲ್ಲಿನವರು ಇಳಿಯಬೇಕು ಎಂದು ಬಂತು.

ಈ ನಿಯಮವನ್ನು ಜಾತಿ ನೋಡಿ ಬರೆದಿಲ್ಲ, ಒಪ್ಪುತ್ತೇನೆ. ಆದರೆ ಇವತ್ತು ಕ್ಯಾಂಪಸ್ಸಿಗೆ ಸೈಕಲ್ಲಿನಲ್ಲಿ ಬರುವವರು ಯಾರೆಂದು ಒಂದು ಬೆಳಿಗ್ಗೆ ಗೇಟಿನಲ್ಲಿ ನಿಂತು ನೋಡಿ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನ ಮಕ್ಕಳು, ತೋಟದ ಕೆಲಸದವರು, ಮೆಸ್ಸಿನಲ್ಲಿ ಪಾತ್ರೆ ತೊಳೆಯುವವರು. ನಮ್ಮ ವಿಭಾಗದ ಒಬ್ಬ ಹುಡುಗಿ, ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿನಲ್ಲೇ ಎಂ.ಎ.ವರೆಗೆ ಬಂದಿದ್ದಾಳೆ. 2006-07ರಿಂದ ಹಂಚುತ್ತಿದ್ದ ಆ ಸೈಕಲ್ಲುಗಳು 2020ರ ಕೊರೊನಾ ಕಾಲದಲ್ಲಿ ನಿಂತವು. ಅಷ್ಟರೊಳಗೆ ಎಷ್ಟು ಹೆಣ್ಣುಮಕ್ಕಳನ್ನು ಅವು ಹೈಸ್ಕೂಲು ದಾಟಿಸಿದವೆಂದು ಹಳ್ಳಿಗಳಲ್ಲಿ ಕೇಳಬೇಕು. ತಮಿಳುನಾಡಿನ ಪುದುಕೋಟೈ ಜಿಲ್ಲೆಯಲ್ಲಿ 1990ರ ದಶಕದ ಮೊದಲಲ್ಲಿ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿದರು. ಕೂಲಿಯ, ಕಲ್ಲು ಕ್ವಾರಿಯ ಸಾವಿರಾರು ಹೆಂಗಸರು ಕಲಿತರು. ಅವರು ಹತ್ತಿದ್ದನ್ನು ಕಂಡು ಊರು ಮೊದಲು ನಕ್ಕಿತು, ಆಮೇಲೆ ದಾರಿ ಬಿಟ್ಟಿತು.

ಗೇಟಿನಿಂದ ನಮ್ಮ ವಿಭಾಗಕ್ಕೆ ಎರಡು ಕಿಲೋಮೀಟರ್. ತಳ್ಳಿಕೊಂಡು ಬಂದರೆ ಅರ್ಧ ಗಂಟೆ. ಪರೀಕ್ಷೆಯ ದಿನ ಹೊತ್ತಾಗಿ ಆ ಹುಡುಗಿ ತುಳಿದುಕೊಂಡೇ ಬಂದು ಮೆಟ್ಟಿಲ ಬಳಿ ನಿಲ್ಲಿಸಿದಳು. ಬರೆದು ಹೊರಗೆ ಬರುವಷ್ಟರಲ್ಲಿ ಎರಡೂ ಚಕ್ರದ ವಾಲ್‌ಟ್ಯೂಬು ಕಿತ್ತಿದ್ದರು. ಸೆಕ್ಯೂರಿಟಿಯವನನ್ನು ಕೇಳಿದೆ. ಅವನೂ ನಮ್ಮವನೇ.

"ನಂಗೂ ಕರುಳೈತೆ ಕಣಣ್ಣ. ಗಾಳಿ ತೆಗಿನಿಲ್ಲ ಅಂದ್ರೆ ನನ್ ಸಂಬ್ಳ ತೆಗೀತಾರೆ. ಏನ್ ಮಾಡ್ಲಿ, ಹೇಳು."

ನನಗೆ ಹೇಳಲು ಏನೂ ಇರಲಿಲ್ಲ. ನಮ್ಮವನ ಕೈಯಿಂದಲೇ ನಮ್ಮವಳ ಗಾಳಿ ತೆಗೆಸುವುದು ಈ ವ್ಯವಸ್ಥೆಗೆ ಹಳೆಯ ವಿದ್ಯೆ. ನೆರಳಲ್ಲಿ ನಿಂತ ನನ್ನ ಗಾಡಿಯೂ ಅದೇ ವಿದ್ಯೆಯ ಇನ್ನೊಂದು ಪಾಠ.

ಎಲ್ಲರೂ ಸೇರಿ ಒಂದು ಮನವಿ ಬರೆದೆವು. ಒಂದು ಕಾರಿನ ಜಾಗದಲ್ಲಿ ಹತ್ತು ಸೈಕಲ್ಲು ನಿಲ್ಲುತ್ತವೆ. ಐದು ಕಾರಿನ ಜಾಗ ಬಿಟ್ಟುಕೊಟ್ಟರೆ ಐವತ್ತು ಸೈಕಲ್ಲು ಶೆಡ್ಡಿಗೆ ವಾಪಸ್ಸು ಬರುತ್ತವೆ. ಚಕ್ರಕ್ಕೊಂದೇ ಅಲ್ಲ, ಚೌಕಟ್ಟಿಗೂ ಬೀಗ ಹಾಕುವಂಥ ಕಂಬಿ ಬೇಕು. ಪ್ಲಗ್ಗಿಗೆ ಮೀಟರು ಹಾಕಿ ಎಲ್ಲರಿಂದಲೂ ಯೂನಿಟ್ಟಿಗೆ ಇಷ್ಟೆಂದು ತೆಗೆದುಕೊಳ್ಳಲಿ, ನನ್ನಿಂದಲೂ. ಕ್ಯಾಂಪಸ್ಸಿನೊಳಗೆ ಮೋಟಾರು ವಾಹನಕ್ಕೆ ವೇಗದ ಮಿತಿ ಇರಲಿ. ಒಂಬತ್ತನೆಯ ನಿಯಮ ಹೋಗಲಿ. ಸಹಿ ಹಾಕಿದವರು ಇನ್ನೂರ ಹನ್ನೊಂದು ಜನ. ಖಾಯಂ ಕೆಲಸದವರು ನಾಲ್ವರು. ನನ್ನ ಕೈಯೂ ಒಂದು ಕ್ಷಣ ತಡೆಯಿತು. ಬಡ್ತಿಯ ಕಡತ ಮೇಜಿನ ಮೇಲಿದ್ದ ತಿಂಗಳದು.

ಎರಡು ತಿಂಗಳಿಗೆ ಉತ್ತರ ಬಂತು. ನೋಂದಣಿ ಪತ್ರದ ಸಾಲಿಗೆ 'ಇದ್ದಲ್ಲಿ' ಎಂಬ ಪದ ಸೇರಿಸಿದ್ದಾರೆ. ಅಕ್ಕನ ಗಾಡಿಗೆ ಸ್ಟಿಕ್ಕರ್ ಸಿಕ್ಕಿತು. ಪ್ಲಗ್ಗಿನ ಚೀಟಿ ಹಾಗೇ ಇದೆ. ಶೆಡ್ಡಿನ ವಿಚಾರಕ್ಕೆ ಅನುದಾನವಿಲ್ಲ. ಒಂಬತ್ತನೆಯ ನಿಯಮ ಪರಿಶೀಲನೆಯಲ್ಲಿದೆ.

ನಾನು ಈಗ ಸ್ಕೂಟರನ್ನು ಕ್ಯಾಂಟೀನಿನ ಹಿಂದೆ ನಿಲ್ಲಿಸಿ ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳುತ್ತೇನೆ. ಇದರಿಂದ ಯಾವ ಕ್ರಾಂತಿಯೂ ಆಗುವುದಿಲ್ಲವೆಂದು ನನಗೆ ಗೊತ್ತು. ಶೆಡ್ಡಿನ ಆ ಜಾಗಕ್ಕೆ ಮಾರನೆಯ ದಿನವೇ ಇನ್ನೊಂದು ಗಾಡಿ ಬಂತು. ಆದರೂ ಅಲ್ಲಿ ನಿಲ್ಲಿಸಲು ಮನಸ್ಸು ಬರುತ್ತಿಲ್ಲ.

ಆ ಹುಡುಗಿ ವಾಲ್‌ಟ್ಯೂಬು ಹಾಕಿಸಿಕೊಂಡು ಮಾರನೆಯ ದಿನವೂ ಇಳಿಯದೆ ಬಂದಳು. ಈಗ ದಿನಾ ಹಾಗೇ ಬರುತ್ತಾಳೆ. ಅವಳ ಹಿಂದೆ ಇನ್ನು ಏಳೆಂಟು ಮಂದಿ. ಸೆಕ್ಯೂರಿಟಿಯವನು ಬೇರೆ ಕಡೆ ನೋಡುತ್ತಾನೆ. ಅವಳಿಗೆ ಅಪ್ಪನ ಕತೆ ಹೇಳಿದೆ.

"ದಾರಿ ಸರಿಯಿಲ್ಲ ಅಂತ ನಿಮಗೆ ಸುಳ್ಳು ಹೇಳ್ತಿದ್ರಾ ಸಾರ್?" ಅಂದಳು.

ಸುಳ್ಳಲ್ಲ ಕಣಮ್ಮ ಅಂದೆ. ದಾರಿ ಸರಿಯಿರಲಿಲ್ಲ. ಈಗಲೂ ಸರಿಯಿಲ್ಲ.