ಮದ್ದೂರಲ್ಲಿ ಇಳಿದು ನೋಡಿ

2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲೆ ಮದ್ದೂರು ನಮಗೆಲ್ಲ ಬರೀ ಒಂದು ಬೋರ್ಡು. ಮೊನ್ನೆ ಮೈಸೂರಿಗೆ ಹೋಗ್ತಾ ಹೈವೇ ಬಿಟ್ಟು ಊರೊಳಗಿನ ಹಳೇ ರಸ್ತೆ ಹಿಡಿದೆವು. ಆರೇ ಟೇಬಲ್ಲಿನ ಹೋಟೆಲು. ಬಾಣಲೆಯಿಂದ ಆಗಷ್ಟೇ ತೆಗೆದ ವಡೆ: ಅಕ್ಕಿಹಿಟ್ಟು, ರವೆ, ಮೈದಾ, ಧಾರಾಳ ಈರುಳ್ಳಿ. ಅಂಚು ಗರಿಗರಿ, ನಡುವೆ ಸ್ವಲ್ಪ ಮೆತ್ತಗೆ. ಪ್ಯಾಕೆಟ್ಟಲ್ಲಿ ಬರೋದು ಬೇರೆಯೇ ಜಾತಿ, ಬಿಡಿ.

“ಮೊದ್ಲು ಬೆಳಿಗ್ಗೆನೇ ಮೂರು ಸಲ ಹಿಟ್ಟು ಕಲಸ್ತಿದ್ದೋ ಸಾ, ಈಗ ಒಂದೇ ಸಲ. ಕಾರ್‌ನೋರು ನೆಟ್ಟಗೆ ಹೊಂಟೋಯ್ತಾರೆ” ಅಂದ್ರು ಗಲ್ಲಾದಲ್ಲಿದ್ದ ಯಜಮಾನರು. ಈಗ ಬರೋದು ಊರಿನವರು, ಬಸ್ಸಿಗೆ ಕಾಯೋರು.

ನಮಗೆ ಹೆಚ್ಚಾಗಿದ್ದು ಅರ್ಧ ಗಂಟೆ. ಕಾಫಿ ಕುಡಿದು ಹತ್ತು ವಡೆ ಕಟ್ಟಿಸಿಕೊಂಡೆವು. ಮಂಡ್ಯ ಬರೋ ಮೊದಲೇ ಪೊಟ್ಟಣ ಖಾಲಿ.