ಕತ್ತಿಯೋ, ಮದ್ದೋ?

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದರ ಹುಡುಗ 2005ರ ಬೇಸಿಗೆ ರಜೆಯ ಒಂದು ಸಂಜೆಯಿಡೀ ಕಂಪ್ಯೂಟರ್ ಮುಂದೆ ಸುಮ್ಮನೆ ಕುಳಿತಿದ್ದ. ಆಟ, 2004ರ ನವೆಂಬರ್‌ನಲ್ಲಿ ಹೊರಬಂದಿದ್ದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'. ಇಂಟರ್‌ನೆಟ್ ಮೂಲಕ ಸಾವಿರಾರು ಮಂದಿ ಒಟ್ಟಾಗಿ ಆಡುವ ಈ ಮಾಯಾಲೋಕದಲ್ಲಿ ಆಗ ಇದ್ದದ್ದು ಒಟ್ಟು ಒಂಬತ್ತು ವೃತ್ತಿಗಳು: ಯೋಧ, ಬೇಟೆಗಾರ, ಮಾಂತ್ರಿಕ, ಪುರೋಹಿತ ಇತ್ಯಾದಿ. ಒಮ್ಮೆ ಆರಿಸಿದರೆ ಮುಗಿಯಿತು. ಬೇಡವೆನಿಸಿದರೆ ಹೊಸ ಪಾತ್ರ ಹುಟ್ಟಿಸಿ, ಒಂದನೆಯ ಹಂತದಿಂದ ಮತ್ತೆ 60ರವರೆಗೆ ಏರಬೇಕು!

"ಯೋಧ ಆಗೋ. ಅದಕ್ಯಾಕೆ ಇಷ್ಟು ಯೋಚನೆ?" ಎಂದರು ಅಪ್ಪ. (ಪಿಯುಸಿಯಲ್ಲಿ ಅವರ ವಿಷಯವನ್ನು ಆರಿಸಿದ್ದೂ ಅವರಲ್ಲ, ಅವರ ಅಪ್ಪ. ಅದು ಬೇರೆ ಮಾತು.)

"ಗುಹೆಗೆ ಹೋಗೋದು ಐದು ಜನ ಅಪ್ಪ. ಪೆಟ್ಟು ತಡೆಯೋಕೆ ಒಬ್ಬ, ಹೊಡೆಯೋಕೆ ಮೂವರು. ಗಾಯ ವಾಸಿಮಾಡೋನು ಇಲ್ಲದಿದ್ರೆ ಎಲ್ಲರೂ ಸಾಯ್ತಾರೆ. ನಮ್ಮ ಗುಂಪಿನಲ್ಲಿ ಅವನೇ ಇಲ್ಲ."

ಪುರೋಹಿತನನ್ನೇ ಆರಿಸಿದ. ಮೈಮೇಲೆ ಬರೀ ಬಟ್ಟೆ, ಕವಚವಿಲ್ಲ. ಮೊದಲ ವಾರ ಒಬ್ಬನೇ ಅಲೆದು ಎಷ್ಟೋ ಸಲ ಸತ್ತ. ಅಪ್ಪ ನಕ್ಕರು.

ಆಮೇಲೊಂದು ರಾತ್ರಿ ಅವರೇ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು. ತೆರೆಯ ಮೇಲೆ ಯೋಧನ ಹಸಿರು ಪಟ್ಟಿ ಸರಸರನೆ ಕುಗ್ಗುತ್ತಿತ್ತು.

"ಬೇಗ ಕಣೋ, ಹೋಗ್ಬಿಡ್ತಾನೆ!" ಎಂದು ಕೂಗಿದವರು ಅಪ್ಪ.